ನಡೆದು ನಿಧಾನವಾಗಿ ತೂಕ ಇಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬರೀ ನಡೆದರೆ ತೂಕ ಇಳಿಯುತ್ತಾ?

ಇಳಿಯುತ್ತದೆ, ಆದರೆ ನಿಧಾನವಾಗಿ. ಅದೂ ತಿನ್ನುವುದು ಮೊದಲಿನಷ್ಟೇ ಇದ್ದರೆ. ನಡೆದು ಬಂದ ಖುಷಿಗೆ ತಟ್ಟೆಗೆ ಇನ್ನೊಂದು ಸೌಟು ಬಿದ್ದರೆ ಲೆಕ್ಕ ಅಲ್ಲಿಗಲ್ಲಿಗೆ ಚುಕ್ತಾ. ‘ತಿಂಗಳಲ್ಲಿ ಹತ್ತು ಕೆ.ಜಿ.’ ಅನ್ನುವ ವಿಡಿಯೊ ನೋಡಿ ಈ ಕಡೆ ಬಂದಿದ್ದರೆ ಮೊದಲೇ ಹೇಳಿಬಿಡುತ್ತೇನೆ: ನಡಿಗೆಯಿಂದ ಅದು ಆಗುವುದಿಲ್ಲ. ನಡಿಗೆಯ ಲೆಕ್ಕವನ್ನು ತಿಂಗಳಲ್ಲಿ ಹಾಕಬಾರದು, ವರ್ಷದಲ್ಲಿ ಹಾಕಬೇಕು.

ಸರಿ, ವರ್ಷದ ಲೆಕ್ಕವನ್ನೇ ಹೇಳಿ. ಎಷ್ಟು ಇಳಿಯಬಹುದು?

70 ಕೆ.ಜಿ. ತೂಕದ ಒಬ್ಬರನ್ನು ಇಟ್ಟುಕೊಂಡು ನೋಡೋಣ. ಅವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 140 ಕ್ಯಾಲೊರಿ ಖರ್ಚಾಗುತ್ತದೆ. ಆದರೆ ಆ ಅರ್ಧ ಗಂಟೆ ಸುಮ್ನೆ ಕೂತಿದ್ದರೂ ಉಸಿರಾಟ, ಎದೆಬಡಿತ ಅಂತ ಮೈ ಸುಮಾರು 35 ಕ್ಯಾಲೊರಿ ಬಳಸಿಕೊಳ್ಳುತ್ತಿತ್ತು. ಅದನ್ನು ಕಳೆದರೆ ನಡಿಗೆಯಿಂದ ಹೆಚ್ಚಿಗೆ ಖರ್ಚಾದದ್ದು ನೂರರ ಆಸುಪಾಸು. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಂದರೆ ದಿನಾ ಅರ್ಧ ಗಂಟೆ ನಡೆದರೆ ಒಂದು ಕೆ.ಜಿ. ಕರಗಲು ಎರಡೂವರೆ ತಿಂಗಳು ಬೇಕು. ದಿನಾ ಒಂದು ಗಂಟೆ ನಡೆದರೆ ಐದೂವರೆ ವಾರ ಸಾಕು.

ಅರ್ಧ ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕೂವರೆ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ಕಡಿಮೆಯೇ ಇಳಿಯುತ್ತದೆ. ಯಾಕೆಂದರೆ ತೂಕ ಇಳಿದ ಮೈಗೆ ಅದೇ ದಾರಿ ನಡೆಯಲು ಮೊದಲಿನಷ್ಟು ಶಕ್ತಿ ಬೇಡ. ಮೇಲಾಗಿ ಹಸಿವೂ ಏರುತ್ತದೆ. ನಿಮ್ಮ ತೂಕ 70ಕ್ಕಿಂತ ಜಾಸ್ತಿ ಇದ್ದರೆ ಖರ್ಚೂ ಜಾಸ್ತಿ, ಕಡಿಮೆ ಇದ್ದರೆ ಕಡಿಮೆ.

ಇಷ್ಟೇನಾ ಅನ್ನಿಸಿತಾ? ಬಹಳ ಜನರಿಗೆ ತೂಕ ಏರಿದ್ದೂ ಹೀಗೇ ಅಲ್ವಾ? ವರ್ಷಕ್ಕೆ ಅರ್ಧ ಕೆ.ಜಿ., ಒಂದು ಕೆ.ಜಿ., ಗೊತ್ತೇ ಆಗದ ಹಾಗೆ.

ಹಾಗಾದರೆ ಊಟ ಕಡಿಮೆ ಮಾಡಿದರೆ ಸಾಲದೇ? ನಡೆಯುವುದು ಯಾಕೆ?

ತೂಕ ಇಳಿಸುವುದರಲ್ಲಿ ಊಟದ ಪಾಲೇ ದೊಡ್ಡದು, ಎರಡು ಮಾತಿಲ್ಲ. ಅರ್ಧ ಲೀಟರ್ ಸಿಹಿ ತಂಪು ಪಾನೀಯ ಕುಡಿಯುವುದನ್ನು ಬಿಟ್ಟರೆ ಹೆಚ್ಚುಕಡಿಮೆ ಒಂದು ಗಂಟೆ ನಡೆದಷ್ಟು ಕ್ಯಾಲೊರಿ ಉಳಿಯುತ್ತದೆ. ಆದರೆ ಇಳಿದ ತೂಕ ವಾಪಸ್ ಬರದ ಹಾಗೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಅಲ್ಲಿ ನಡಿಗೆಗೆ ಸಾಟಿ ಕಡಿಮೆ.

ಅಮೆರಿಕದಲ್ಲಿ 1994ರಿಂದ ‘ನ್ಯಾಷನಲ್ ವೇಟ್ ಕಂಟ್ರೋಲ್ ರಿಜಿಸ್ಟ್ರಿ’ ಅಂತ ಒಂದಿದೆ. ಕನಿಷ್ಠ 13.6 ಕೆ.ಜಿ. ಇಳಿಸಿ, ಅದನ್ನು ಕನಿಷ್ಠ ಒಂದು ವರ್ಷ ಉಳಿಸಿಕೊಂಡವರು ಅದರಲ್ಲಿ ಹೆಸರು ಬರೆಸಬಹುದು. ಅವರು ತೂಕ ಇಳಿಸಿದ ದಾರಿಗಳು ಬೇರೆ ಬೇರೆ. ಆದರೆ ಬಹುಪಾಲು ಜನ ದಿನಕ್ಕೆ ಸುಮಾರು ಒಂದು ಗಂಟೆ ಮೈ ದಣಿಸುತ್ತಾರೆ, ಅದರಲ್ಲೂ ಅವರು ಹೆಚ್ಚಾಗಿ ಆರಿಸಿಕೊಂಡಿರುವುದು ನಡಿಗೆಯನ್ನೇ.

ಇನ್ನೊಂದು ಅಧ್ಯಯನವನ್ನೂ ಹೇಳಬೇಕು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ‘ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಮ್’ ಫಲಿತಾಂಶ 2002ರಲ್ಲಿ ಬಂತು. ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ತೂಕದಲ್ಲಿ 7 ಶೇಕಡಾ ಇಳಿಸಬೇಕು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದಷ್ಟು ಮೈ ದಣಿಸಬೇಕು. ಆ ಗುಂಪಿನವರು ಇಳಿಸಿದ್ದು ಸರಾಸರಿ 5.6 ಕೆ.ಜಿ. ಮಾತ್ರ. ಆದರೂ ಅವರಲ್ಲಿ ಸಕ್ಕರೆ ಕಾಯಿಲೆ ಬರುವುದು 58 ಶೇಕಡಾ ಕಡಿಮೆಯಾಯಿತು. ಹಾಗಾಗಿ ನಾಲ್ಕೈದು ಕೆ.ಜಿ. ಅಂದರೆ ಕೇವಲವಾಗಿ ನೋಡಬೇಡಿ.

ವಾರಕ್ಕೆ ಎಷ್ಟು ಇಳಿಸಿದರೆ ಒಳ್ಳೆಯದು?

ಊಟ, ನಡಿಗೆ ಎರಡೂ ಸೇರಿ ವಾರಕ್ಕೆ ಅರ್ಧ ಕೆ.ಜಿ. ಅಂದರೆ ಚೆನ್ನಾಗಿದೆ. ಒಂದು ಕೆ.ಜಿ.ಗಿಂತ ಜಾಸ್ತಿ ಓಡಿಸಬೇಡಿ. ಬೇಗ ಬೇಗ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಏರುತ್ತದೆ.

ಮೊದಲ ವಾರದಲ್ಲೇ ಎರಡು ಕೆ.ಜಿ. ಇಳಿದರೆ ಹಿಗ್ಗಬೇಡಿ. ಅದರಲ್ಲಿ ಬಹುಪಾಲು ನೀರು. ಮೈಯಲ್ಲಿ ಕೂಡಿಟ್ಟ ಗ್ಲೈಕೊಜೆನ್ (ಸಕ್ಕರೆಯ ದಾಸ್ತಾನು) ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದಾಗ ಮೊದಲು ಖಾಲಿಯಾಗುವುದು ಅದೇ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕಾ?

ಬೇಕಿಲ್ಲ. ಆ ಅಂಕಿ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಮಾರಾಟದಲ್ಲಿ. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮೇಲೆ ಜಪಾನಿನಲ್ಲಿ ಎಲ್ಲರಿಗೂ ವ್ಯಾಯಾಮದ ಹುಮ್ಮಸ್ಸು. 1965ರಲ್ಲಿ ಅಲ್ಲಿನ ಒಂದು ಕಂಪನಿ ಹೆಜ್ಜೆ ಎಣಿಸುವ ಸಾಧನವೊಂದನ್ನು ಹೊರತಂದು, ಹತ್ತು ಸಾವಿರ ಹೆಜ್ಜೆ ಅನ್ನುವುದನ್ನೇ ಅದರ ಹೆಸರಿನಲ್ಲಿ ಸೇರಿಸಿತು. ನೆನಪಿಟ್ಟುಕೊಳ್ಳಲು ಸುಲಭದ ಅಂಕಿ, ಹಾಗಾಗಿ ಉಳಿದುಕೊಂಡಿತು.

2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 72 ವಯಸ್ಸಿನ ಮಹಿಳೆಯರ ಹೆಜ್ಜೆಗಳನ್ನು ಎಣಿಸಿದ್ದರು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಲಾಭ ಮತ್ತೆ ಏರಲಿಲ್ಲ. ಇದು ಆಯುಷ್ಯದ ಮಾತು, ತೂಕದ್ದಲ್ಲ. ತೂಕದ ವಿಷಯದಲ್ಲಿ ಹೆಜ್ಜೆ ಜಾಸ್ತಿಯಾದಷ್ಟೂ ಖರ್ಚು ಜಾಸ್ತಿ, ಅಷ್ಟೇ.

ಒಂದು ವಾರ ಏನೂ ಬದಲಿಸದೆ ನಿಮ್ಮ ಈಗಿನ ಹೆಜ್ಜೆ ಎಷ್ಟು ಅಂತ ಫೋನಿನಲ್ಲಿ ನೋಡಿಕೊಳ್ಳಿ. ಮೂರು ಸಾವಿರ ಇದ್ದರೆ ನಾಲ್ಕು ಸಾವಿರಕ್ಕೆ ಏರಿಸಿ. ಅದು ರೂಢಿಯಾದ ಮೇಲೆ ಐದು ಸಾವಿರ.

ಎಷ್ಟು ವೇಗವಾಗಿ ನಡೆಯಬೇಕು?

ಜೊತೆಗಿರುವವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದು ವೈದ್ಯರೂ ಹೇಳುವ ಪರೀಕ್ಷೆ. ಒಬ್ಬರೇ ಇದ್ದರೆ ಯಾರಿಗಾದರೂ ಫೋನ್ ಮಾಡಿ ನೋಡಿ. ವಾಕ್ಯ ಪೂರ್ತಿ ಹೇಳಬಹುದು, ಆದರೆ ಕೊನೆಗೆ ಉಸಿರು ಎಳೆದುಕೊಳ್ಳಬೇಕಾಗುತ್ತದೆ ಅನ್ನುವಂತಿದ್ದರೆ ವೇಗ ಸರಿಯಾಗಿದೆ. ‘ಏನು, ಓಡುತ್ತಾ ಇದ್ದೀರಾ?’ ಅಂತ ಆ ಕಡೆಯಿಂದ ಕೇಳಿದರೆ ಸ್ವಲ್ಪ ನಿಧಾನಿಸಿ. ಅಂಕಿಯಲ್ಲೇ ಬೇಕು ಅನ್ನುವವರಿಗೆ: ನಿಮಿಷಕ್ಕೆ ಸುಮಾರು 100 ಹೆಜ್ಜೆ. ಹದಿನೈದು ಸೆಕೆಂಡಿನಲ್ಲಿ ಇಪ್ಪತ್ತೈದು ಹೆಜ್ಜೆ ಬಿದ್ದರೆ ಸರಿ.

ವೇಗ ಹೆಚ್ಚಿಸಲು ಬಹಳ ಜನ ಉದ್ದುದ್ದ ಹೆಜ್ಜೆ ಹಾಕುತ್ತಾರೆ. ಅದು ಬೇಡ, ಮೊಣಕಾಲಿಗೆ, ಸೊಂಟಕ್ಕೆ ಏಟು. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಪಾದ ಮುಂದಕ್ಕೆ ಉರುಳಿ ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ಒತ್ತಬೇಕು. ಮೊಣಕೈ ಮಡಚಿ ಕೈ ಬೀಸಿ. ಕೈ ಬೇಗ ಬೀಸಿದರೆ ಕಾಲೂ ತಾನಾಗಿ ಬೇಗ ಬೀಳುತ್ತದೆ, ಬೇಕಾದರೆ ಇವತ್ತೇ ನೋಡಿ.

ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದವರು ಪರೀಕ್ಷಿಸಿದ ಒಂದು ಕ್ರಮವೂ ಇದೆ. ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ಐದು ಸಲ. ಅರ್ಧ ಗಂಟೆಗೆ ಮುಗಿಯುತ್ತದೆ, ಬೇಜಾರೂ ಬರುವುದಿಲ್ಲ. ಒಂದೆರಡು ತಿಂಗಳು ನಡೆದು ಕಾಲು ಪಳಗಿದವರು ಇದನ್ನು ಮಾಡಿ ನೋಡಬಹುದು.

ಇದುವರೆಗೆ ನಡೆದೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಹತ್ತು ನಿಮಿಷದಿಂದ. ನಿಜವಾಗಿಯೂ ಹತ್ತೇ. ಮನೆಯಿಂದ ಐದು ನಿಮಿಷ ದೂರ ಹೋಗಿ, ತಿರುಗಿ ಬನ್ನಿ. ಮೊದಲ ದಿನವೇ ಒಂದು ಗಂಟೆ ನಡೆದವರು ಮೂರನೇ ದಿನ ಮೀನಖಂಡ ಹಿಡಿದುಕೊಂಡು ಕೂರುತ್ತಾರೆ, ಅಲ್ಲಿಗೆ ವಾಕಿಂಗ್ ಮುಗಿಯಿತು. ವಾರಕ್ಕೊಮ್ಮೆ ಐದು ನಿಮಿಷ ಸೇರಿಸುತ್ತಾ ಹೋಗಿ. ಒಂದೂವರೆ ತಿಂಗಳು ಆಗುವಷ್ಟರಲ್ಲಿ ಅರ್ಧ ಗಂಟೆ ದಾಟಿರುತ್ತೀರಿ. ವೇಗದ ಯೋಚನೆ ಆಮೇಲೆ.

ವಾರಕ್ಕೆ ಒಟ್ಟು ಎಷ್ಟು ಹೊತ್ತು ನಡೆಯಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ. 150 ಅನ್ನುವುದು ಆರೋಗ್ಯಕ್ಕೆ. ತೂಕ ಇಳಿಯಬೇಕು, ಇಳಿದದ್ದು ಉಳಿಯಬೇಕು ಅಂದರೆ 300ರ ಕಡೆಗೆ ಹೋಗಬೇಕು.

ಒಂದೇ ಸಲ ನಡೆಯಬೇಕಾ, ಬಿಡಿಬಿಡಿಯಾಗಿ ನಡೆದರೂ ಆಗುತ್ತಾ?

ಆಗುತ್ತದೆ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಲೇಬೇಕು ಅಂತ ಹಿಂದೆ ಹೇಳುತ್ತಿದ್ದರು. 2020ರಲ್ಲಿ ಆ ಷರತ್ತನ್ನೂ ತೆಗೆದುಹಾಕಿದರು. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ರಕ್ತದಲ್ಲಿ ಸಕ್ಕರೆ ಅಷ್ಟಾಗಿ ಏರುವುದಿಲ್ಲ ಅನ್ನುವ ಲಾಭ ಬೇರೆ. ನನ್ನನ್ನು ಕೇಳಿದರೆ, ಸಮಯವೇ ಸಿಗುವುದಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬೆಳಗ್ಗೆ ಒಳ್ಳೆಯದಾ, ಸಂಜೆಯಾ? ಖಾಲಿ ಹೊಟ್ಟೆಯಲ್ಲಿ ನಡೆದರೆ ಕೊಬ್ಬು ಜಾಸ್ತಿ ಕರಗುತ್ತಂತೆ?

ನಿಮಗೆ ತಪ್ಪದೆ ಹೋಗಲು ಯಾವಾಗ ಆಗುತ್ತದೋ ಆಗ. ಬೆಳಗ್ಗೆ ಹೋಗುವವರಿಗೆ ಒಂದು ಅನುಕೂಲ ಇದೆ, ದಿನದ ಬೇರೆ ಕೆಲಸಗಳು ಅಡ್ಡ ಬರುವ ಮೊದಲೇ ಮುಗಿದಿರುತ್ತದೆ.

ಖಾಲಿ ಹೊಟ್ಟೆಯಲ್ಲಿ ನಡೆಯುವಾಗ ಮೈ ಕೊಬ್ಬನ್ನು ಸ್ವಲ್ಪ ಜಾಸ್ತಿ ಬಳಸುವುದು ನಿಜ. ಆದರೆ ದಿನದ ಉಳಿದ ಹೊತ್ತಿನಲ್ಲಿ ಅದು ಸರಿದೂಗಿಹೋಗುತ್ತದೆ. ವಾರಗಟ್ಟಲೆ ಹೋಲಿಸಿ ನೋಡಿದಾಗ ತಿಂದು ವ್ಯಾಯಾಮ ಮಾಡಿದವರಿಗೂ ತಿನ್ನದೆ ಮಾಡಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ತಲೆ ಸುತ್ತುವವರು ಏನಾದರೂ ಸ್ವಲ್ಪ ತಿಂದೇ ಹೊರಡಿ.

ಹೊಟ್ಟೆ ಮಾತ್ರ ಕರಗಬೇಕು. ಏನು ಮಾಡಲಿ?

ಎಲ್ಲಿಂದ ಕರಗಬೇಕು ಅಂತ ನಾವು ಹೇಳಿದರೆ ಮೈ ಕೇಳುವುದಿಲ್ಲ. ಕೊಬ್ಬು ಕರಗುವುದು ಇಡೀ ಮೈಯಿಂದ. ಆದರೆ ಸಮಾಧಾನದ ಒಂದು ಮಾತಿದೆ. ಹೊಟ್ಟೆಯ ಒಳಗೆ, ಅಂಗಗಳ ಸುತ್ತ ತುಂಬಿಕೊಳ್ಳುವ ಕೊಬ್ಬು ವ್ಯಾಯಾಮಕ್ಕೆ ಚೆನ್ನಾಗಿ ಬಗ್ಗುತ್ತದೆ. ಕೆಲವೊಮ್ಮೆ ತೂಕದ ಮುಳ್ಳು ಅಲ್ಲಾಡದಿದ್ದರೂ ಸೊಂಟದ ಸುತ್ತಳತೆ ಇಳಿದಿರುತ್ತದೆ.

ಅದಕ್ಕೇ ಟೇಪು ಇಟ್ಟುಕೊಳ್ಳಿ. ಪಕ್ಕೆಲುಬಿನ ಕೆಳ ಅಂಚನ್ನು ಒಂದು ಬೆರಳಲ್ಲಿ, ಸೊಂಟದ ಮೂಳೆಯ ಮೇಲಿನ ಅಂಚನ್ನು ಇನ್ನೊಂದು ಬೆರಳಲ್ಲಿ ಮುಟ್ಟಿ ನೋಡಿಕೊಳ್ಳಿ. ಎರಡರ ನಡುವೆ ಟೇಪು ಸುತ್ತಿ. ಮಾಮೂಲಾಗಿ ಉಸಿರು ಬಿಟ್ಟು ಅಳೆಯಿರಿ, ಹೊಟ್ಟೆ ಒಳಗೆಳೆದುಕೊಂಡು ಅಲ್ಲ. ಯಾರೂ ನೋಡುತ್ತಿಲ್ಲ, ಬಿಡಿ.

ಜಾಸ್ತಿ ಬೆವರಿದರೆ ಜಾಸ್ತಿ ಕರಗುತ್ತಾ? ಜಾಕೆಟ್ ಹಾಕಿಕೊಂಡು ನಡೆಯಲಾ?

ಬೇಡ. ಬೆವರು ಬರೀ ನೀರು, ಉಪ್ಪು. ಎರಡು ಲೋಟ ನೀರು ಕುಡಿದರೆ ಹೋದ ತೂಕ ವಾಪಸ್. ಬಿಸಿಲಲ್ಲಿ ದಪ್ಪ ಬಟ್ಟೆ ಹಾಕಿಕೊಂಡರೆ ತಲೆ ಸುತ್ತಿ ಬೀಳುವುದು ಬೇರೆ.

ಕರಗಿದ ಕೊಬ್ಬು ಮೈಯಿಂದ ಹೊರಗೆ ಹೋಗುವ ದಾರಿ ಕೇಳಿದರೆ ಆಶ್ಚರ್ಯ ಆಗುತ್ತದೆ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು: 10 ಕೆ.ಜಿ. ಕೊಬ್ಬು ಕರಗಿದರೆ 8.4 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ, ಉಳಿದ 1.6 ಕೆ.ಜಿ. ನೀರಾಗುತ್ತದೆ. ಹಾಗಂತ ಕೂತು ಜೋರಾಗಿ ಉಸಿರು ಬಿಟ್ಟರೆ ಪ್ರಯೋಜನ ಇಲ್ಲ. ಮೈ ಕೆಲಸ ಮಾಡಿದರೆ ತಾನೇ ಕೊಬ್ಬು ಉರಿಯುವುದು.

ನಡೆದು ಬಂದ ಮೇಲೆ ವಿಪರೀತ ಹಸಿವು. ಏನು ಮಾಡಲಿ?

ತೂಕ ಇಳಿಯದಿರುವ ಗುಟ್ಟು ಹೆಚ್ಚಾಗಿ ಇಲ್ಲೇ ಇರುತ್ತದೆ. ಅರ್ಧ ಗಂಟೆಯಲ್ಲಿ ಉಳಿಸಿದ ನೂರು ಕ್ಯಾಲೊರಿ ನಾಲ್ಕೈದು ತುತ್ತು ಕರಿದ ತಿಂಡಿಯಲ್ಲಿ ಹೊರಟುಹೋಗುತ್ತದೆ, ಅದೂ ಎರಡೇ ನಿಮಿಷದಲ್ಲಿ. ಬಂದ ತಕ್ಷಣ ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಸುಮ್ನೆ ಇರಿ. ಇನ್ನೂ ಸುಲಭದ ಉಪಾಯ, ಊಟದ ಹೊತ್ತಿಗೆ ಸ್ವಲ್ಪ ಮೊದಲು ನಡೆಯುವುದು. ಆಗ ಹಸಿವಿಗೆ ಊಟವೇ ಸಿಗುತ್ತದೆ, ನಡುವೆ ಬಾಯಾಡಿಸುವುದು ತಪ್ಪುತ್ತದೆ. ತಟ್ಟೆಯಲ್ಲಿ ತರಕಾರಿ, ಕಾಳು ಜಾಸ್ತಿ ಇದ್ದಷ್ಟೂ ಹೊಟ್ಟೆ ಬೇಗ ತುಂಬುತ್ತದೆ.

ಗಮನಕ್ಕೆ ಬಾರದ ಇನ್ನೊಂದು ಸಂಗತಿ ಇದೆ. ‘ಬೆಳಗ್ಗೆ ನಡೆದಾಯ್ತಲ್ಲ’ ಅಂತ ಉಳಿದ ದಿನವೆಲ್ಲ ಕೂತಲ್ಲಿಂದ ಏಳದೇ ಇರುವುದು. ಲಿಫ್ಟ್ ಹತ್ತುವುದು, ನೀರಿನ ಲೋಟಕ್ಕೂ ಬೇರೆಯವರನ್ನು ಕೂಗುವುದು. ಹೀಗೆ ಮಾಡಿದರೆ ಬೆಳಗ್ಗೆ ಗಳಿಸಿದ್ದು ಸಂಜೆಯೊಳಗೆ ಖಾಲಿ.

ದಿನಾ ತೂಕ ನೋಡಿಕೊಳ್ಳಬೇಕಾ?

ನೋಡಿಕೊಂಡರೆ ತಪ್ಪಿಲ್ಲ, ಆದರೆ ಒಂದು ದಿನದ ಅಂಕಿಯನ್ನು ನಂಬಬೇಡಿ. ಉಪ್ಪು, ನೀರು, ಮಲಬದ್ಧತೆ, ಮುಟ್ಟಿನ ದಿನಗಳು, ಹೀಗೆ ಏನೇನೋ ಕಾರಣಕ್ಕೆ ಒಂದೆರಡು ಕೆ.ಜಿ. ಆಚೀಚೆ ಆಗುತ್ತಲೇ ಇರುತ್ತದೆ. ಬೆಳಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು ನೋಡಿ. ವಾರದ ಸರಾಸರಿ ತೆಗೆದು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಅಂಕಿ ನೋಡಿ ದಿನವೆಲ್ಲ ಮನಸ್ಸು ಕೆಡುವವರಾದರೆ ವಾರಕ್ಕೊಮ್ಮೆ ಸಾಕು.

ಮೊದಲು ಇಳಿಯಿತು. ಈಗ ಒಂದು ತಿಂಗಳಿಂದ ಅಲ್ಲೇ ನಿಂತಿದೆ. ಯಾಕೆ?

ಎಲ್ಲರಿಗೂ ಆಗುತ್ತದೆ. ಹಗುರಾದ ಮೈಗೆ ಕೂತಾಗಲೂ ನಡೆಯುವಾಗಲೂ ಕಡಿಮೆ ಶಕ್ತಿ ಸಾಕು. ಇದರ ಜೊತೆಗೆ ಹಸಿವು ಮೊದಲಿಗಿಂತ ಜಾಸ್ತಿ. ಎರಡೂ ಸೇರಿದಾಗ ತೂಕ ಒಂದು ಕಡೆ ನಿಂತುಬಿಡುತ್ತದೆ. ಮೊದಲು ಒಂದು ವಾರ ತಿಂದದ್ದನ್ನೆಲ್ಲ ಬರೆದಿಡಿ. ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಕ್ಕಳು ಬಿಟ್ಟದ್ದನ್ನು ತಿಂದದ್ದು, ಎಲ್ಲವನ್ನೂ. ಉತ್ತರ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಆಮೇಲೆ ನಡಿಗೆಗೆ ಹದಿನೈದು ನಿಮಿಷ ಸೇರಿಸಿ, ಇಲ್ಲವೇ ಏರು ದಾರಿ ಹಿಡಿಯಿರಿ. ಐದು ಶೇಕಡಾ ಏರಿನಲ್ಲಿ, ಅಂದರೆ ನೂರು ಅಡಿಗೆ ಐದು ಅಡಿ ಮೇಲೇರುವ ದಾರಿಯಲ್ಲಿ, ಅದೇ ವೇಗದಲ್ಲಿ ನಡೆದರೆ ಸಮತಟ್ಟಿನಲ್ಲಿ ಆಗುವ ಖರ್ಚಿನ ಒಂದೂವರೆ ಪಟ್ಟಾಗುತ್ತದೆ.

ನಿದ್ದೆ ಕಡಿಮೆ ಇದ್ದರೂ ಹಸಿವು ಏರುತ್ತದೆ, ಅದನ್ನೂ ನೋಡಿಕೊಳ್ಳಿ.

ಮೊಣಕಾಲು ನೋವು ಇದೆ. ನಡೆಯಬಹುದಾ?

ಸವೆತದ ನೋವಾದರೆ ಸಾಮಾನ್ಯವಾಗಿ ನಡೆಯಬಹುದು, ನಡೆದರೆ ಒಳ್ಳೆಯದೂ ಹೌದು. ಒಂದು ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆ.ಜಿ. ಕಡಿಮೆಯಾಗುತ್ತದೆ ಅಂತ ಮೊಣಕಾಲಿನ ಸವೆತ ಇರುವವರ ಮೇಲೆ ನಡೆದ ಅಧ್ಯಯನ ಹೇಳುತ್ತದೆ. ಸಮತಟ್ಟಾದ ಜಾಗದಲ್ಲಿ, ಕಡಿಮೆ ಹೊತ್ತು, ದಿನಕ್ಕೆ ಎರಡು ಮೂರು ಸಲ ನಡೆಯಿರಿ. ಇಳಿಜಾರು ತಪ್ಪಿಸಿ, ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ. ನಡೆಯುವಾಗ ಸಣ್ಣಗೆ ನೋವಿದ್ದು, ಮನೆಗೆ ಬಂದ ಮೇಲೆ ಕಡಿಮೆಯಾದರೆ ಚಿಂತೆ ಇಲ್ಲ. ಮರುದಿನವೂ ನೋವು ಜಾಸ್ತಿಯೇ ಇದ್ದರೆ ಹೊತ್ತು ಕಡಿಮೆ ಮಾಡಿ. ಮೊಣಕಾಲು ಊದಿದ್ದರೆ, ನಡೆಯುವಾಗ ಸಿಕ್ಕಿಹಾಕಿಕೊಂಡಂತಾದರೆ, ಮೊದಲು ವೈದ್ಯರಿಗೆ ತೋರಿಸಿ.

ಎಂಥ ಶೂ ಬೇಕು?

ದುಬಾರಿಯದೇ ಆಗಬೇಕಿಲ್ಲ. ಸಂಜೆ ಹೊತ್ತು ಕೊಳ್ಳಿ, ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ. ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು. ಹಿಮ್ಮಡಿ ಜಾರಬಾರದು. ಹಳೆಯ ಶೂ ಇದ್ದರೆ ತಿರುಗಿಸಿ ತಳ ನೋಡಿ: ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿದ್ದರೆ ಸಹಜ. ಮೇಜಿನ ಮೇಲಿಟ್ಟಾಗ ಒಂದು ಕಡೆಗೆ ವಾಲಿದರೆ ಅದರ ಕಾಲ ಮುಗಿಯಿತು.

ಟ್ರೆಡ್‌ಮಿಲ್ ಆಗುತ್ತಾ?

ಧಾರಾಳವಾಗಿ. ಹಿಡಿಕೆ ಮಾತ್ರ ಹಿಡಿದುಕೊಳ್ಳಬೇಡಿ. ಭಾರವನ್ನೆಲ್ಲ ಕೈ ಮೇಲೆ ಬಿಟ್ಟರೆ ಕಾಲಿಗೆ ಕೆಲಸ ಕಡಿಮೆ, ಪರದೆಯ ಮೇಲಿನ ಅಂಕಿ ಮಾತ್ರ ಏರುತ್ತದೆ.

ವಾಚು ತೋರಿಸುವ ಕ್ಯಾಲೊರಿ ನಂಬಬಹುದಾ?

ಹೆಜ್ಜೆ, ಎದೆಬಡಿತದ ಮಟ್ಟಿಗೆ ಪರವಾಗಿಲ್ಲ. ಕ್ಯಾಲೊರಿ ಬೇಡ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಇದ್ದುದರಲ್ಲಿ ಚೆನ್ನಾಗಿದ್ದದ್ದೂ ಕ್ಯಾಲೊರಿಯಲ್ಲಿ ಸರಾಸರಿ 27 ಶೇಕಡಾ ತಪ್ಪು ತೋರಿಸಿತ್ತು. ವಾಚು 300 ತೋರಿಸಿತು ಅಂತ 300ರ ತಿಂಡಿ ತಿನ್ನಬೇಡಿ.

ನಡಿಗೆಯ ಜೊತೆ ಬೇರೆ ವ್ಯಾಯಾಮ ಬೇಕಾ?

ವಾರಕ್ಕೆ ಎರಡು ದಿನ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಇರಲಿ. ತೂಕ ಇಳಿಯುವಾಗ ಸ್ನಾಯು ಉಳಿಯಲು ಅದು ಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು, ಇಷ್ಟರಿಂದ ಶುರು ಮಾಡಿ. ಕಾಲಿಗೆ ಭಾರದ ಪಟ್ಟಿ ಕಟ್ಟಿಕೊಂಡು ನಡೆಯುವುದು ಬೇಡ, ಹೆಜ್ಜೆಯ ರೀತಿ ಕೆಟ್ಟು ಕೀಲಿಗೆ ತೊಂದರೆ.

ಯಾರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು?

ಹೃದಯದ ತೊಂದರೆ ಇರುವವರು, ನಡೆದರೆ ಎದೆ ಹಿಡಿದಂತಾಗುವವರು, ಬಿ.ಪಿ. ಹತೋಟಿಯಲ್ಲಿ ಇಲ್ಲದವರು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ನಡೆಯುವಾಗ ಸಕ್ಕರೆ ತೀರಾ ಕೆಳಗಿಳಿಯಬಹುದು. ಅವರು ಔಷಧದ ಪ್ರಮಾಣದ ಬಗ್ಗೆ ಕೇಳಿಕೊಳ್ಳಲಿ, ಜೇಬಿನಲ್ಲಿ ಸಿಹಿ ಏನಾದರೂ ಇರಲಿ, ಮನೆಗೆ ಬಂದು ಪಾದದಲ್ಲಿ ಬೊಕ್ಕೆ ಎದ್ದಿದೆಯಾ ಅಂತ ನೋಡಿಕೊಳ್ಳಲಿ.

ನಡೆಯುವಾಗ ಎದೆ, ದವಡೆ, ಎಡಗೈ ನೋವು ಬಂದರೆ, ತಣ್ಣಗೆ ಬೆವರಿದರೆ, ಕಣ್ಣು ಕತ್ತಲೆಗಟ್ಟಿದರೆ ಅಲ್ಲೇ ನಿಂತು ಸಹಾಯ ಕೇಳಿ. ‘ಇನ್ನೊಂದು ಸುತ್ತು ಮುಗಿಸಿಬಿಡೋಣ’ ಅನ್ನುವುದು ಬೇಡ.

ಮಳೆ, ಪ್ರಯಾಣ, ಜ್ವರ. ನಡುವೆ ವಾರಗಟ್ಟಲೆ ಬಿಟ್ಟುಹೋದರೆ?

ಬಿಟ್ಟುಹೋದ ದಿನಗಳನ್ನು ತುಂಬಿಸಲು ದುಪ್ಪಟ್ಟು ನಡೆಯಬೇಡಿ, ಕಾಲು ನೋಯಿಸಿಕೊಳ್ಳುತ್ತೀರಿ. ಒಂದು ವಾರ ಬಿಟ್ಟಿದ್ದರೆ ಮೊದಲಿನಷ್ಟೇ ಶುರು ಮಾಡಿ. ಒಂದು ತಿಂಗಳಾಗಿದ್ದರೆ ಅರ್ಧದಿಂದ. ಮಳೆಗಾಲದಲ್ಲಿ ಮನೆಯೊಳಗೇ ಈ ಕೋಣೆಯಿಂದ ಆ ಕೋಣೆಗೆ ನಡೆದರೂ ಹೆಜ್ಜೆ ಹೆಜ್ಜೆಯೇ. ಜ್ವರ ಇದ್ದಾಗ ಮಾತ್ರ ಮಲಗಿ.

ಬೇಕಾದಷ್ಟು ಇಳಿದ ಮೇಲೆ ನಡೆಯುವುದನ್ನು ನಿಲ್ಲಿಸಬಹುದಾ?

ನಿಲ್ಲಿಸಿದರೆ ತೂಕ ಬಹುತೇಕ ವಾಪಸ್ ಬರುತ್ತದೆ. ಹಾಗಾಗಿ ಶುರುವಿನಲ್ಲೇ ಯೋಚನೆ ಮಾಡಿ: ಐದು ವರ್ಷ ಆದ ಮೇಲೂ ಮಾಡಬಹುದಾದಷ್ಟನ್ನೇ ಇವತ್ತು ಆರಿಸಿಕೊಳ್ಳಿ. ದಿನಾ ಎರಡು ಗಂಟೆ ನಡೆದು ಮೂರು ತಿಂಗಳಿಗೆ ಬಿಡುವುದಕ್ಕಿಂತ ನಲವತ್ತು ನಿಮಿಷ ನಡೆದು ಬಿಡದೇ ಇರುವುದು ಮೇಲು.

ಹಾಡು ಕೇಳುತ್ತಾ ನಡೆಯಬಹುದಾ?

ಕೇಳಿ. ಬೀಟ್ ಜೋರಾಗಿರುವ ಹಾಡಾದರೆ ಹೆಜ್ಜೆಯೂ ಬಿರುಸಾಗುತ್ತದೆ. ವಾಹನ ಓಡಾಡುವ ರಸ್ತೆಯಲ್ಲಿ ಮಾತ್ರ ಒಂದು ಕಿವಿ ಖಾಲಿ ಇರಲಿ. ಫುಟ್‌ಪಾತ್ ಇಲ್ಲದಿದ್ದರೆ ಎದುರಿನಿಂದ ವಾಹನ ಬರುವ ಬದಿಯಲ್ಲಿ ನಡೆಯಿರಿ, ಬರುವುದು ಕಣ್ಣಿಗೆ ಕಾಣುತ್ತದೆ.